ಚೌಕ ಗುಳಿಯ ರೊಟ್ಟಿ

ನಮ್ಮತ್ತೆ ಫಿದ್ದಾ ಅವರ ರೊಟ್ಟಿಗೆ ಮೂಲೆಗಳಿದ್ದವು. ರೊಟ್ಟಿಯೇನೋ ಎಲ್ಲರ ರೊಟ್ಟಿಯಂತೆ ದುಂಡಗೇ ಇರುತ್ತಿತ್ತು. ತಿರುಗಿಸಿ ಅಡಿ ನೋಡಬೇಕು, ಆಗ ಕಾಣುತ್ತಿತ್ತು ತಮಾಷೆ: ಮೈತುಂಬ ಪುಟ್ಟ ಪುಟ್ಟ ಚೌಕ ಗುಳಿಗಳು. ಬೇರೆ ಊರುಗಳಲ್ಲಿ ರೊಟ್ಟಿಯ ಅಡಿ ಗುಂಡು ಗುಳಿ ಬೀಳುತ್ತದೆ. ತಾಬೂನ್ ಅಂದರೆ ಮಣ್ಣಿನ ಗುಮ್ಮಟದ ಒಲೆ ತಾನೆ, ಅದರ ತಳಕ್ಕೆ ಹಳ್ಳದ ನುಣುಪುಗಲ್ಲು ಹಾಸಿ, ಸುತ್ತ ಬೆರಣಿ ಹೊಟ್ಟು ಹೇರಿ ಬೂದಿ ಮುಚ್ಚಿ ಕಾಯಿಸಿ, ಕಾದ ಕಲ್ಲಿನ ಮೇಲೇ ಹಿಟ್ಟು ಹರಡುತ್ತಾರೆ. ಕಲ್ಲು ಗುಂಡಗಿದ್ದರೆ ಗುಳಿಯೂ ಗುಂಡಗೆ. ನಮ್ಮೂರು ಉಮ್ಮಲ್ ಹಜಲ್‌ನಲ್ಲಿ ಮಾತ್ರ ಚೌಕ, ಊರ ಹೆಂಗಸರೆಲ್ಲ ಸುಡುತ್ತಿದ್ದುದು ಅತ್ತೆಯ ಒಲೆಯಲ್ಲೇ. ಚೌಕ ಗುಳಿಯಲ್ಲಿ ಆಲಿವ್ ಎಣ್ಣೆ ಚೆನ್ನಾಗಿ ನಿಲ್ಲುತ್ತದೆ ಎಂದು ಊರವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಯಾಕೆ ಚೌಕ ಎಂದು ಒಬ್ಬರೂ ಕೇಳಲಿಲ್ಲ. ಊಟಕ್ಕೆ ಕೂತವರು ಕೇಳುವ ಪ್ರಶ್ನೆಯೇ ಅದು?

ಕಾರಣ ಗೊತ್ತಿದ್ದವರು ಅತ್ತೆ ಒಬ್ಬರೇ, ಎಷ್ಟೋ ವರ್ಷದ ಮೇಲೆ ನನಗೊಬ್ಬಳಿಗೆ ಗುಟ್ಟಾಗಿ ಹೇಳಿದ್ದರು. ಅದು ಅವರ ಸೋಮಾರಿತನದ ಕಥೆ. ಕೆರಕ್ ಕಡೆಯ ಹುಡುಗಿ, ಸಹೂಮ್ ಮಾವನನ್ನು ಮದುವೆಯಾಗಿ ಈ ಬಯಲಿಗೆ ಬಂದಾಗ ಹಿತ್ತಲಿನ ಒಲೆ ಅರ್ಧ ಕುಸಿದಿತ್ತಂತೆ. ಅವರ ಅತ್ತೆ, ಅಂದರೆ ನನ್ನ ಅಜ್ಜತ್ತೆ, ಬಲು ಜೋರಿನ ಹೆಂಗಸು. "ಹಳ್ಳಕ್ಕಿಳಿದು ಕಲ್ಲು ಆರಿಸ್ಕೊಂಡು ಬಾ" ಎಂದು ಹೊಸ ಸೊಸೆಯ ಕೈಗೆ ಬುಟ್ಟಿ ಕೊಟ್ಟಳು. ಹಳ್ಳವೋ ಕೆಳಗೆಲ್ಲೋ ಪಾತಾಳದಲ್ಲಿ. ಇವರು ಒಲೆಯ ಗುಡಿಸಲಿನ ಪಕ್ಕ ನೆರಳಿದೆ ಎಂದು ಒಂದು ಗಳಿಗೆ ಕೂತರು. ಹಿಮ್ಮಡಿಗೆ ಏನೋ ಚುಚ್ಚಿತು. ಕೆದರಿದರೆ ಮಣ್ಣಿನಲ್ಲಿ ಬೆರಳ ಗೆಣ್ಣಿನಷ್ಟು ಚೌಕ ಕಲ್ಲುಗಳು, ಕೆಂಪು, ಹಳದಿ, ಬಿಳಿ, ಕಪ್ಪು. ಬುಟ್ಟಿ ತುಂಬಿಕೊಂಡು, ಇನ್ನಷ್ಟು ಹೊತ್ತು ನೆರಳಲ್ಲಿ ನಿದ್ದೆ ಹೊಡೆದು, ಮುಖಕ್ಕೆ ಒಂದಿಷ್ಟು ಧೂಳು ಸವರಿಕೊಂಡು ಏದುಸಿರು ಬಿಡುತ್ತ ಒಳಗೆ ಹೋದರಂತೆ.

"ಹಳ್ಳಕ್ಕೆ ಹೋಗಿದ್ಯಾ?"

"ಹೋಗಿದ್ದೆ ಅತ್ತೆ. ಕಾಲು ಬಿದ್ದೋಯ್ತು."

ಆ ಸುಳ್ಳನ್ನು ಅವರು ಅಜ್ಜತ್ತೆ ಸಾಯುವವರೆಗೂ ಸಾಕಿದರು, ಸತ್ತ ಮೇಲೂ ಬಿಡಲಿಲ್ಲ. ಕಲ್ಲು ಒಡೆದಾಗಲೆಲ್ಲ ಗುಡಿಸಲಿನ ಪಕ್ಕದಿಂದಲೇ ಹೊಸದು ಬರುತ್ತಿತ್ತು.

ನಾನು ನುಹಾ, ಈ ಮನೆಯ ಸೊಸೆ. ಮಾದಬಾ ಪೇಟೆಯವಳು, ಮೇಲಾಗಿ ಲಾತಿನ್ ಇಗರ್ಜಿಯವಳು, ಅಂದರೆ ರೋಮಿನ ಪೋಪರ ಕಡೆಯವಳು. ನನ್ನ ಗಂಡ ಮಿತ್ರಿಯ ಮನೆಯವರು ರೂಮ್, ಅಂದರೆ ಗ್ರೀಕ್ ಪದ್ಧತಿಯವರು. ಹಿರಿಯರನ್ನು ಇಲ್ಲಿ ಮಗನ ಹೆಸರಿನಿಂದಲೇ ಕರೆಯುವುದು, ತಾಯಿಯಾದರೆ ಉಮ್, ತಂದೆಯಾದರೆ ಅಬೂ; ಅತ್ತೆ ಊರಿಗೆಲ್ಲ ಉಮ್ ಮಿತ್ರಿ. ನಮ್ಮೂರಿನ ಮೇಲಿನ ಕೇರಿ ರೂಮ್, ಕೆಳಗಿನ ಕೇರಿ ಲಾತಿನ್. ಶಿಲುಬೆಯ ಗುರುತು ಹಾಕುವಾಗ ರೂಮ್‌ನವರು ಬಲಭುಜ ಮೊದಲು ಮುಟ್ಟಿದರೆ ಲಾತಿನ್‌ನವರು ಎಡಭುಜ. ಆ ಎರಡು ಭುಜಗಳ ನಡುವಿನ ಜಾಗದಲ್ಲಿ ಎಷ್ಟು ಜಗಳ ಹಿಡಿಯುತ್ತದೆ ಎಂದು ತಿಳಿಯಲು ನಮ್ಮೂರಿಗೆ ಸೊಸೆಯಾಗಿ ಬರಬೇಕು. ನನಗೂ ಅತ್ತೆಗೂ ಇದ್ದ ಜಗಳ ಮಾತ್ರ ಧರ್ಮದ್ದಲ್ಲ, ಹೊಗೆಯದ್ದು. ಒಗೆದು ಹರವಿದ ಬಟ್ಟೆಯೆಲ್ಲ ಬೆರಣಿ ಹೊಗೆ. "ಅತ್ತೆ, ತೌಫೀಕನ ವ್ಯಾನು ದಿನಾ ಬಾಗಿಲಿಗೇ ರೊಟ್ಟಿ ತರುತ್ತೆ, ಈ ಒಲೆ ಯಾಕೆ ಇನ್ನೂ?" ಎಂದು ನಾನು ಕೇಳುವುದು, "ಆ ರೊಟ್ಟೀಲಿ ಮುಖ ಒರೆಸ್ಕೋ, ಅದಕ್ಕೇ ಸರಿ" ಎಂದು ಅವರು ಹೇಳುವುದು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಧಾರಾಳವಾಗಿದ್ದವು, ಆದರೂ ಮನೆ ಒಲೆ ಎರಡೂ ನಿಂತಿದ್ದವು.

ಮಾವ ತೀರಿಕೊಂಡ ಮೇಲೆ ಅತ್ತೆ ಒಂದು ಪದ್ಧತಿ ಹಿಡಿದರು. ಎಷ್ಟೋ ಮನೆಗಳಲ್ಲಿ ಇರುವುದೇ, ಇವರು ಒಂದು ದಿನವೂ ತಪ್ಪಿಸಲಿಲ್ಲ. ದಿನದ ಮೊದಲ ರೊಟ್ಟಿ ಸತ್ತವರ ಪಾಲು. ದಾರಿಯಲ್ಲಿ ಮೊದಲು ಹಾದು ಹೋದವರಿಗೆ ಕೊಡಬೇಕು. ಅವರು ಬಾಯಿಗಿಡುವ ಮೊದಲು, "ದೇವರು ಸಹೂಮನ ಮೇಲೆ ಕರುಣೆ ಇಡಲಿ" ಎನ್ನಬೇಕು. ಕುರಿ ಕಾಯುವವನಾಗಲಿ, ಪೊಲೀಸಾಗಲಿ, ಮಾವನ ಜೊತೆ ಮಾತು ಬಿಟ್ಟಿದ್ದ ದಾಯಾದಿಯಾಗಲಿ, ಹೆಸರು ಹೇಳದೆ ರೊಟ್ಟಿ ಇಲ್ಲ.

ಹಾಗೆ ಒಂದು ಬೆಳಿಗ್ಗೆ ಮೊದಲು ಹಾದು ಹೋದವಳು ಡಾಕ್ಟರ್ ಅರೀಜ್.

ಇವಳು ಸಾಲ್ಟ್ ಊರಿನವಳು, ಸಣಕಲಿ, ಬಿಸಿಲಿಗೆ ಮೂಗು ಸುಲಿದುಕೊಂಡವಳು. ಊರಾಚೆಯ ದಿಬ್ಬದಲ್ಲಿ ಹಳೇ ಕಾಲದ ಇಗರ್ಜಿ ಇದೆಯೆಂದು ಎರಡು ಬೇಸಿಗೆಯಿಂದ ಅಗೆಸುತ್ತಿದ್ದಳು. ಎಣ್ಣೆ ಗಾಣ ಸಿಕ್ಕಿತು, ನೀರಿನ ತೊಟ್ಟಿ ಸಿಕ್ಕಿತು, ಒಂದು ಕತ್ತೆಯ ಅಸ್ಥಿಪಂಜರ ಸಿಕ್ಕಿತು. ಇಗರ್ಜಿ ಸಿಗಲಿಲ್ಲ. ಅತ್ತೆಗೆ ಅವಳ ಮೇಲೆ ಅಷ್ಟೇನೂ ಗೌರವವಿರಲಿಲ್ಲ. ಮೊಣಕಾಲು ನೋವಿಗೆ ಔಷಧ ಕೇಳಿದಾಗ ಅವಳು "ನಾನು ಆ ಡಾಕ್ಟರ್ ಅಲ್ಲ" ಅಂದಿದ್ದಳು. ಮತ್ತೆ ಯಾವ ಡಾಕ್ಟರು, ಕಲ್ಲಿಗೆ ಜ್ವರ ಬರುತ್ತದೆಯೇ?

"ತಗೋ ಮಗಾ, ಸಹೂಮನ ಹೆಸರಲ್ಲಿ."

"ದೇವರು ಸಹೂಮರ ಮೇಲೆ ಕರುಣೆ ಇಡಲಿ," ಎಂದು ಅರೀಜ್ ಒಂದು ತುಂಡು ಮುರಿದು ಬಾಯಿಗಿಟ್ಟಳು. ಅಗಿದಳು. ಉಳಿದ ರೊಟ್ಟಿಯನ್ನು ಸುಮ್ಮನೆ ತಿರುಗಿಸಿದಳು. ಅಗಿಯುವುದು ನಿಂತುಹೋಯಿತು.

"ಯಾಕೆ? ಕಲ್ಲು ಸಿಕ್ತಾ?" ಅಂದರು ಅತ್ತೆ.

"ಇಲ್ಲ."

"ಕೂದಲಾ?"

"ಇಲ್ಲಮ್ಮಾ."

"ಮತ್ಯಾಕೆ ಬಾಯಿ ನಿಲ್ಸಿದ್ಯೇ? ನನ್ನ ರೊಟ್ಟಿ ಬಾಯಲ್ಲಿಟ್ಕೊಂಡು ಹಿಂಗೆ ಕಲ್ಲಾದೋರ್ನ ನಾನು ಕಂಡೇ ಇಲ್ಲ."

"ಉಮ್ ಮಿತ್ರಿ, ನಿಮ್ಮ ರೊಟ್ಟಿಗೆ ಈ ಮೂಲೆ ಎಲ್ಲಿಂದ ಬಂತು?"

"ಒಲೆ ಕಲ್ಲಿಂದ."

"ಒಲೆಗೆ ಕಲ್ಲು ಎಲ್ಲಿಂದ ಬಂತು?"

ಅತ್ತೆ "ಹಿತ್ತ..." ಎಂದವರು ಗಪ್ಪನೆ ಬಾಯಿ ಮುಚ್ಚಿದರು. ಸತ್ತು ಎಷ್ಟೋ ವರ್ಷವಾಗಿದ್ದ ಅಜ್ಜತ್ತೆ ಎಲ್ಲಿ ಕೇಳಿಸಿಕೊಂಡಳೋ ಎಂಬಂತೆ ಹಿಂದೆ ಮುಂದೆ ನೋಡಿ, "ಹಳ್ಳದಿಂದ" ಅಂದರು.

ಅರೀಜ್ ನಂಬಲಿಲ್ಲ. ನೆಲಕ್ಕೆ ಮಂಡಿಯೂರಿ ಒಲೆಯ ಬಾಯೊಳಗೆ ತಲೆ ತೂರಿಸಿದಳು. ಆಚೆ ತೆಗೆದಾಗ ರೆಪ್ಪೆ ತುಂಬ ಬೂದಿ, ಒಂದು ಹುಬ್ಬು ಅರ್ಧ ಸುಟ್ಟಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ. ಆಮೇಲೆ ಎದ್ದು ಕೈಯಲ್ಲಿ ಅರ್ಧ ರೊಟ್ಟಿ ಹಿಡಿದುಕೊಂಡು ಕುಣಿಯತೊಡಗಿದಳು. ನಿಜವಾಗಿಯೂ ಕುಣಿದಳು, ಮದುವೆ ಮನೆಯಲ್ಲಿ ವರನ ತಂಗಿಯರು ಕುಣಿಯುವ ಹಾಗೆ. ಅತ್ತೆಗೆ ಏನೂ ಅರ್ಥವಾಗದಿದ್ದರೂ ಯಾರಾದರೂ ಕುಣಿದರೆ ಸುಮ್ಮನೆ ನಿಲ್ಲುವ ಜಾತಿಯಲ್ಲ ಅವರು. ನಾಲಿಗೆ ಹೊರಳಿಸಿ ಉಲುಲುಲು ಎಂದು ಶುಭದ ಕೂಗು ಹಾಕಿದರು. ಅಕ್ಕಪಕ್ಕದವರು ನಮ್ಮ ಮನೆಯಲ್ಲಿ ಯಾರಿಗೋ ಮದುವೆ ಗೊತ್ತಾಯಿತೆಂದು ಓಡಿ ಬಂದರು.

ಚೌಕ ಕಲ್ಲುಗಳು ಇಗರ್ಜಿಯ ನೆಲದವು. ಒಂದೊಂದೇ ಕಲ್ಲು ಕೂರಿಸಿ ಚಿತ್ರ ಬಿಡಿಸಿದ ಸಾವಿರದ ನಾನೂರು ವರ್ಷದ ಹಿಂದಿನ ನೆಲ. ಡಾಕ್ಟರಮ್ಮ ದಿಬ್ಬ ಅಗೆಯುತ್ತಿದ್ದಳು, ಇಗರ್ಜಿ ನಮ್ಮ ಹಿತ್ತಲಂಗಳದಲ್ಲಿ ಮಲಗಿತ್ತು. ವಾರದೊಳಗೆ ನನ್ನ ಬಟ್ಟೆ ಹಗ್ಗದ ಕಂಬ ಕಿತ್ತರು. ಅದರ ಬುಡದಲ್ಲೇ ಒಂದು ಕೌಜುಗ ಹಕ್ಕಿ, ಕೆಂಪು ಕಾಲು, ಕೊಕ್ಕಿನಲ್ಲಿ ದ್ರಾಕ್ಷಿ. ಇಷ್ಟು ವರ್ಷ ಅದರ ತಲೆಯ ಮೇಲೆ ನಿಂತು ನಾನು ಹಾಸಿಗೆ ಬಟ್ಟೆ ಹಿಂಡಿದ್ದೆ! ಒದ್ದೆ ಸ್ಪಂಜಿನಲ್ಲಿ ಒರೆಸಿದಾಗ ಬಣ್ಣ ಎದ್ದು ಬಂದದ್ದು ನೋಡಿ ನಾನೂ ಒಂದು ಸ್ಪಂಜು ಕಿತ್ತುಕೊಂಡು ಒರೆಸಲು ಕೂತೆ. ಹಕ್ಕಿಯ ಪಕ್ಕ ಬಳ್ಳಿ, ಬಳ್ಳಿಯಾಚೆ ಮೀನು, ಬುಟ್ಟಿ, ಮತ್ತೊಂದು ಹಕ್ಕಿ. ಇಡೀ ಊರು ಅಂಗಳದ ಗೋಡೆಯ ಮೇಲೆ ಸಾಲಾಗಿ ಕೂತು ಸೂರ್ಯಕಾಂತಿ ಬೀಜ ತಿನ್ನುತ್ತ ನೋಡುತ್ತಿತ್ತು.

ತಂಟೆ ಶುರುವಾದದ್ದು ಪೂರ್ವದ ಕಡೆಯಿಂದ. ಇಗರ್ಜಿಗಳ ಬಲಿಪೀಠ ಪೂರ್ವಕ್ಕಿರುತ್ತದೆ, ಅರ್ಧಚಂದ್ರದ ಗೋಡೆಯ ಒಳಗೆ. ನಮ್ಮ ಅಂಗಳದ ಪೂರ್ವದ ತುದಿಯಲ್ಲಿ ಇದ್ದದ್ದು ಒಲೆಯ ಗುಡಿಸಲು. ಅದರ ಹಿಂಗೋಡೆ ಒಳಕ್ಕೆ ಬಾಗಿತ್ತು. "ಬೆನ್ನು ಕೊಟ್ಟು ಕೂರೋಕೆ ಎಷ್ಟು ಹದವಾಗಿದೆ ನೋಡು, ಯಾರು ಕಟ್ಟಿದ್ರೋ ಪುಣ್ಯಾತ್ಮ" ಎಂದು ಅತ್ತೆ ಹೊಗಳುತ್ತಿದ್ದ ಗೋಡೆ. ಅದೇ ಆ ಅರ್ಧಚಂದ್ರ. ಬಲಿಪೀಠದ ಮುಂದೆ, ನೆಲದಲ್ಲಿ, ಇಗರ್ಜಿ ಕಟ್ಟಿಸಿದ ಬಿಷಪ್ಪನ, ದಾನಿಗಳ ಹೆಸರು ಬರೆದಿರುತ್ತದೆ. ಅಂದರೆ ಸರಿಯಾಗಿ ತಾಬೂನಿನ ಅಡಿಯಲ್ಲಿ.

ಇದು ತಿಳಿದದ್ದೇ ತಡ, ಊರು ಎರಡು ಹೋಳಾಯಿತು. ಮೇಲಿನ ಕೇರಿಯ ಹಿರಿಯರು ಅಬೂ ಯಾಕೂಬ್, "ಗ್ರೀಕಲ್ಲಿ ಬರೆದಿರುತ್ತಂತೆ, ಹಂಗಾದ್ರೆ ಇಗರ್ಜಿ ನಮ್ದು, ಕೇಳೋದೇ ಬೇಡ" ಅಂದರು. ಕೆಳಗಿನ ಕೇರಿಯ ಅಬೂ ಲೋರೆನ್ಸ್, "ಆಗ ರೋಮಿನ ರಾಜ ಆಳ್ತಿದ್ದ, ರೋಮು ಯಾರ್ದು? ನಮ್ದು" ಅಂದರು. ಆ ಕಾಲಕ್ಕೆ ಈ ಎರಡು ಪಂಗಡ ಬೇರೆಯಾಗಿಯೇ ಇರಲಿಲ್ಲ, ನೀವಿಬ್ಬರೂ ಒಂದೇ ಎಂದು ಅರೀಜ್ ತಿಳಿಸಿ ಹೇಳಿದಳು. ಇಬ್ಬರಿಗೂ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಿಲ್ಲ. ಒಲೆ ಎತ್ತಿಸಿ, ಬಿಷಪ್ಪನ ಹೆಸರು ಓದಿಸಿ, ಎದುರಿನವನ ಬಾಯಿ ಮುಚ್ಚಿಸಬೇಕು. ಇದೊಂದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ.

ಅತ್ತೆ ಒಪ್ಪಲಿಲ್ಲ.

"ಅಂಗಳ ತಗೊಂಡ್ರಿ, ತಗೊಳ್ಳಿ. ಒಲೆ ಮುಟ್ಟಿದ್ರೆ ಕೈ ಮುರೀತೀನಿ."

ಪುರಾತತ್ವ ಇಲಾಖೆಯ ಸಾಹೇಬರು ಬಂದು ಹೇಳಿದರು, ಪಾದ್ರಿಗಳು ಬಂದು ಹೇಳಿದರು, ಮಿತ್ರಿ ಹೇಳಿದ. ಮನೆಯವರ ಒಪ್ಪಿಗೆ ಇಲ್ಲದೆ ಮುಟ್ಟುವಂತಿರಲಿಲ್ಲ. ನಾನೂ ಹೊಗೆಯ ಸಂಕಟದಿಂದ, "ಹೊಸದು ಕಟ್ಟಿಕೊಳ್ಳೋಣ ಬಿಡಿ ಅತ್ತೆ" ಅಂದೆ. ಅವರು ನನ್ನತ್ತ ತಿರುಗಿದರು.

"ನುಹಾ, ನಿಂಗೆ ಗೊತ್ತಿಲ್ಲ. ಸಹೂಮ್ ಹೋದಾಗ ನಾನು ಈ ಗುಡಿಸಲಿಗೆ ಬಂದು ಕೂರ್ತಿದ್ದೆ. ಯಾರೂ ಸಮಾಧಾನ ಹೇಳ್ಬೇಕಿರ್ಲಿಲ್ಲ. ಹಿಟ್ಟಿನ ತಟ್ಟೆ ತಂದು ಒಬ್ಬೊಬ್ರೇ ಪಕ್ಕ ಕೂರೋರು, ಅಷ್ಟೆ. ಒಲೆ ಒಂದ್ಸಲ ಎದ್ರೆ ಹೆಂಗಸ್ರು ವ್ಯಾನಿನ ರೊಟ್ಟಿಗೆ ಒಗ್ಗಿಕೊಳ್ತಾರೆ. ಆಮೇಲೆ ಹೊಸ ಒಲೆ ಮುಂದೆ ನಾನೊಬ್ಳೇ ಕೂತು ಯಾರಿಗೆ ಸುಡ್ಲಿ?"

ನನ್ನ ಕಣ್ಣಲ್ಲಿ ನೀರು ಬಂತು. ಅಂದಿನಿಂದ ನಾನು ಒಲೆಯ ಪಕ್ಷ ಸೇರಿದೆ. ಹೊಗೆ ಹಿಡಿದ ಬಟ್ಟೆಯನ್ನೇ ಉಟ್ಟುಕೊಂಡು ಊರೆಲ್ಲ ಓಡಾಡಿದೆ.

ಆಗ ಹಿರಿಯರು ಮಾಡಿದ ಕೆಲಸ ನೆನೆದರೆ ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಜಾಹಾ ತಂದರು! ಹೆಣ್ಣು ಕೇಳಲು ಊರಿನ ಗಂಡಸರೆಲ್ಲ ಕೋಟು ತೊಟ್ಟು, ತಲೆಗೆ ಕೆಂಪು ಚೌಕುಳಿ ವಸ್ತ್ರ ಸುತ್ತಿ, ಹೆಣ್ಣಿನ ಮನೆಗೆ ಮೆರವಣಿಗೆ ಹೋಗುತ್ತಾರಲ್ಲ, ಆ ಜಾಹಾ. ಎರಡೂ ಕೇರಿಯವರು ಒಟ್ಟಿಗೆ ಬಂದು, ನಮ್ಮ ಅಂಗಳದ ಅಗೆತದ ಗುಂಡಿಗಳನ್ನು ಬಳಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಒಲೆಯನ್ನು ಹೆಣ್ಣು ಕೇಳಲು ಬಂದಿದ್ದರು. ಮನೆಯ ಹಿರಿಯ ಗಂಡಸು ಕೂರುವ ಜಾಗದಲ್ಲಿ ಮಿತ್ರಿ ಕೂರಬೇಕಿತ್ತು. ಅತ್ತೆ ಅವನನ್ನು ಎಬ್ಬಿಸಿ ತಾವೇ ಕೂತರು.

ಮಿತ್ರಿ ಕಹಿ ಕಾಫಿ ಹಂಚಿದ. ಅಬೂ ಯಾಕೂಬ್ ಕುಡಿಯದೆ ಬಟ್ಟಲು ಮುಂದಿಟ್ಟರು. ಅವರನ್ನು ನೋಡಿ ಅಬೂ ಲೋರೆನ್ಸ್ ಇಟ್ಟರು, ಎಲ್ಲರೂ ಇಟ್ಟರು. ಪದ್ಧತಿಯೇ ಹಾಗೆ. ಕೇಳಿದ್ದು ಕೊಡುತ್ತೇವೆ ಎಂದು ಮನೆಯವರು ಹೇಳುವವರೆಗೆ ಬಂದವರು ಕಾಫಿ ಮುಟ್ಟುವುದಿಲ್ಲ. ಕುಡಿಯದೆ ಎದ್ದು ಹೋದರೆ ಮನೆಯವರ ಮಾನ ಹೋಗುತ್ತದೆ.

ಅಬೂ ಯಾಕೂಬ್ ಎದ್ದು ಗಂಟಲು ಸರಿಮಾಡಿಕೊಂಡರು. "ಉಮ್ ಮಿತ್ರಿ, ನಿಮ್ಮದು ಮರ್ಯಾದಸ್ಥ ಮನೆತನ. ನಿಮ್ಮ ಮನೆಯಲ್ಲಿ ಬೆಳೆದ, ಊರಿಗೆಲ್ಲ ಅನ್ನ ಕೊಟ್ಟ, ಗುಣವಂತೆಯಾದ..." ಇಲ್ಲಿ ಅವರಿಗೆ ತಾವು ಏನನ್ನು ಕೇಳುತ್ತಿದ್ದೇವೆ ಎಂದು ನೆನಪಾಗಿ ತಡವರಿಸಿದರು. "...ಗುಣವಂತೆಯಾದ ಒಲೆಯನ್ನು ನಮಗೆ ಕೊಡಬೇಕು ಅಂತ ಕೇಳ್ಕೊಂಡು ಬಂದಿದೀವಿ."

ನಾನು ಬಾಗಿಲ ಹಿಂದೆ ಅಂಗಿಯ ತೋಳು ಬಾಯಿಗೆ ತುರುಕಿಕೊಂಡೆ. ಅತ್ತೆ ಮುಖ ಬಿಗಿದುಕೊಂಡೇ ಕೂತಿದ್ದರು. ಕಾಫಿಯ ಹಬೆ ನಿಂತಿತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಜಾಹಾದ ಗುಟ್ಟು ಎಲ್ಲರಿಗೂ ಗೊತ್ತಿರುವುದೇ. ಹೆಣ್ಣಿನವರ ಒಪ್ಪಿಗೆಯನ್ನು ಒಳಗಿಂದೊಳಗೆ ಮೊದಲೇ ಪಡೆದಿರುತ್ತಾರೆ, ಮೆರವಣಿಗೆ ಬರೀ ಶೋಭೆಗೆ. ಅಬೂ ಲೋರೆನ್ಸ್ ಮೆಲ್ಲಗೆ ಬಗ್ಗಿ ಕೇಳಿದರು, "ನೀವು ಮೊದ್ಲೇ ಬಂದು ಮಾತಾಡಿದ್ರಿ ತಾನೆ?"

"ನಾನ್ಯಾಕೆ? ನೀವು ಮಾತಾಡಿದೀರಿ ಅಂದ್ಕೊಂಡೆ."

"ಅಯ್ಯೋ ದೇವರೇ!"

ಇಬ್ಬರಿಗೂ ಮಾತುಕತೆ ನಿಂತು ಎಷ್ಟೋ ಕಾಲವಾಗಿತ್ತಲ್ಲ, ಕೇಳಿಕೊಳ್ಳುವವರು ಯಾರು? ಈಗ ಊರಿಗೆ ಊರೇ ಬಿಸಿಲಿನಲ್ಲಿ ಕೂತಿದೆ, ಕಾಫಿ ಆರಿದೆ, ಎದ್ದು ಹೋದರೆ ಎರಡೂ ಕೇರಿಗೆ ನಗೆಪಾಟಲು. ಅತ್ತೆ ಎಲ್ಲ ಕೇಳಿಸಿಕೊಂಡರು. ಜುಟ್ಟು ಯಾರ ಕೈಯಲ್ಲಿದೆಯೆಂದು ಅವರಿಗೆ ಗೊತ್ತಾಯಿತು.

"ಹೆಣ್ಣು ಕೇಳಿದ ಮೇಲೆ ವಧುದಕ್ಷಿಣೆ ಕೊಡ್ಬೇಕಲ್ಲ?" ಅಂದರು.

"ಕೇಳಿ ಉಮ್ ಮಿತ್ರಿ, ಏನು ಬೇಕಾದ್ರೂ ಕೇಳಿ!"

"ಹೊಸ ಒಲೆ ನೀವಿಬ್ರೂ ಕಟ್ಬೇಕು. ಮಣ್ಣು ನೀವೇ ತುಳೀಬೇಕು. ಇಬ್ರೂ ಒಂದೇ ಗುಂಡೀಲಿ."

ಒಲೆ ಮಣ್ಣು ತುಳಿಯುವುದು ಹೆಂಗಸರ ಕೆಲಸ. ಗೋಡೆಯ ಮೇಲಿದ್ದ ಹೆಂಗಸರು ಕಿರುಚಿಕೊಂಡು ನಕ್ಕರು.

"ಒಪ್ಪಿದ್ವಿ," ಎಂದರು ಅಬೂ ಯಾಕೂಬ್, ಔಷಧಿ ನುಂಗಿದವರ ಹಾಗೆ.

"ಇನ್ನೂ ಇದೆ. ಅದರ ತಳಕ್ಕೆ ಚೌಕ ಕಲ್ಲೇ ಬೇಕು. ನನ್ನ ರೊಟ್ಟಿಗೆ ಮೂಲೆ ಇಲ್ದಿದ್ರೆ ಅದು ನನ್ನ ರೊಟ್ಟಿನೇ ಅಲ್ಲ."

ಅರೀಜ್ ಎದ್ದಳು. ಹಳೇ ಕಲ್ಲು ಒಂದೂ ಕೊಡುವಂತಿಲ್ಲ, ಅವು ಇನ್ನು ಸರಕಾರದವು. ಆದರೆ ಬೆಟ್ಟದಲ್ಲಿ ಅದೇ ಜಾತಿಯ ಕೆಂಪು ಬಿಳಿ ಕಲ್ಲು ಬೇಕಾದಷ್ಟಿದೆ, ಹೊಸದಾಗಿ ಕೆತ್ತಿಕೊಂಡರೆ ಯಾರ ಅಡ್ಡಿಯೂ ಇಲ್ಲ ಅಂದಳು. ಯಾರು ಕೆತ್ತುವುದು? ಎಲ್ಲರ ಕಣ್ಣೂ ಆ ಇಬ್ಬರ ಮೇಲೇ ಹೋಯಿತು.

"ಕುಡೀರಿ ಕಾಫಿ," ಅಂದರು ಅತ್ತೆ. "ಬಂದ ಕೆಲಸ ಆಯ್ತು."

ತಣ್ಣಗಾದ ಕಹಿ ಕಾಫಿಯನ್ನು ಊರು ಒಂದೇ ಗುಟುಕಿಗೆ ಕುಡಿಯಿತು. ನಾನು ಉಲುಲುಲು ಹಾಕಿದೆ, ತಡೆಯಲಾಗಲಿಲ್ಲ.

ಆ ಮೇಲಿನ ದಿನಗಳ ಸಂಭ್ರಮ ಹೇಳತೀರದು. ಅಬೂ ಯಾಕೂಬ್, ಅಬೂ ಲೋರೆನ್ಸ್ ಇಬ್ಬರೂ ಷರಾಯಿ ಮಡಿಸಿಕೊಂಡು ಕೆಂಪು ಮಣ್ಣು, ಕತ್ತರಿಸಿದ ಹುಲ್ಲು, ಆಡಿನ ಕೂದಲು ಬೆರೆಸಿದ ಗುಂಡಿಯಲ್ಲಿ ನಿಂತರು. ಮೊದಮೊದಲು ಬೆನ್ನಿಗೆ ಬೆನ್ನು ಹಾಕಿ ತುಳಿದರು. ಹಾಗೆ ತುಳಿದರೆ ಕಾಲು ಜಾರುತ್ತದೆ. ಒಬ್ಬರು ಜಾರಿದರು, ಇನ್ನೊಬ್ಬರ ಸೊಂಟ ಹಿಡಿದರು, ಇಬ್ಬರೂ ಕೂತುಬಿಟ್ಟರು, ಮಣ್ಣಿನಲ್ಲಿ. ಆಮೇಲೆ ಭುಜ ಹಿಡಿದುಕೊಂಡೇ ತುಳಿದರು. ಅವರವರ ಹೆಂಡಿರು ಗೋಡೆಯ ಮೇಲೆ ಕೂತು, "ಹಿಮ್ಮಡಿ ಊರಿ ತುಳೀರಿ, ಮದುಮಗನ ಹಂಗೆ ಬೆರಳ ತುದೀಲಿ ಏನು!" ಎಂದು ಹೇಳಿಕೊಡುತ್ತಿದ್ದರು. ಇತ್ತ ಕಲ್ಲು ಕೆತ್ತುವಾಗ ಸುತ್ತಿಗೆ ಕಲ್ಲಿಗೆ ಬಿದ್ದದ್ದಕ್ಕಿಂತ ಹೆಬ್ಬೆರಳಿಗೆ ಬಿದ್ದದ್ದೇ ಹೆಚ್ಚು. ಅರೀಜ್ ಒಂದು ಹಳೇ ಕಲ್ಲು, ಒಂದು ಹೊಸ ಕಲ್ಲು ಅಂಗೈ ಮೇಲಿಟ್ಟುಕೊಂಡು, "ಆ ಕಾಲದವರೂ ಬೈದುಕೊಂಡೇ ಕೆತ್ತಿರಬೇಕು" ಎಂದು ನಗುತ್ತಿದ್ದಳು.

ಹಳೇ ಒಲೆ ಎತ್ತುವ ದಿನ ಮಾತ್ರ ಅತ್ತೆ ನಗಲಿಲ್ಲ. ಗುಡಿಸಲಿನ ಚಾವಣಿ ಇಳಿಸಿದಾಗ ನನ್ನ ಕೈ ಹಿಡಿದುಕೊಂಡರು. ಬೂದಿ ತೆಗೆದರು, ಮಣ್ಣಿನ ಗುಮ್ಮಟ ಎತ್ತಿದರು. ಅದರ ಕೆಳಗೆ ಇನ್ನಷ್ಟು ಬೂದಿ. ಅಷ್ಟೊಂದು ಬೂದಿ ಯಾರದು ಎಂದು ಅತ್ತೆಯೇ ಕೇಳಿದರು. ಅರೀಜ್ ಕುಂಚ ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಮಣ್ಣಿನ ಇನ್ನೊಂದು ಬಳೆ ಕಂಡಿತು. ಹಳೇ ಒಲೆಯ ಕೆಳಗೆ ಅದಕ್ಕಿಂತ ಹಳೇ ಒಲೆ! ಅದನ್ನು ಬರೆದು, ಚಿತ್ರ ತೆಗೆದು, ಎತ್ತಿದರೆ ಅದರ ಕೆಳಗೆ ಮತ್ತೊಂದು. ಮೂರನೆಯದು ಇಗರ್ಜಿಯ ನೆಲದ ಮೇಲೇ ಕೂತಿತ್ತು, ಬಲಿಪೀಠದ ಮುಂದೆ.

"ಇಗರ್ಜಿ ಭೂಕಂಪಕ್ಕೆ ಬಿದ್ದಿದೆ," ಎಂದು ಅರೀಜ್ ಪಿಸುಗುಟ್ಟಿದಳು. "ಚಾವಣಿ ಹೋಗಿದೆ, ಈ ಬಾಗಿದ ಗೋಡೆ ಮಾತ್ರ ನಿಂತಿದೆ. ಯಾರೋ ಒಬ್ಬ ಹೆಂಗಸು ಬಂದು, ಗಾಳಿ ಬೀಸಲ್ಲ ಅಂತ ಇಲ್ಲಿ ಒಲೆ ಹಾಕಿದಾಳೆ. ನಿಮಗಿಂತ ಸಾವಿರ ವರ್ಷ ಮೊದಲು, ಉಮ್ ಮಿತ್ರಿ."

ಅತ್ತೆ ಮೊಣಕಾಲು ನೋವು ಮರೆತು ಗುಂಡಿಗಿಳಿದರು. ಆ ಒಲೆಯ ತಳಕ್ಕೆ ಕೈ ಹಾಕಿ ಬೂದಿ ಸರಿಸಿದರು. ಬೆರಳಿಗೆ ಸಿಕ್ಕಿದ್ದನ್ನು ಎತ್ತಿ ಬಿಸಿಲಿಗೆ ಹಿಡಿದರು. ಚೌಕ ಕಲ್ಲು. ಕೆಂಪು. ಮತ್ತೊಂದು, ಬಿಳಿ.

ಆಮೇಲೆ ಅತ್ತೆ ನಕ್ಕರು ನೋಡಿ! ತಲೆಯ ವಸ್ತ್ರ ಜಾರಿತು, ಬಿಕ್ಕಳಿಕೆ ಹತ್ತಿತು, ಕಣ್ಣಿಂದ ಧಾರೆ.

"ಅಯ್ಯೋ ನುಹಾ! ಇವ್ಳೂ ಹಳ್ಳಕ್ಕೆ ಹೋಗಿಲ್ಲ ಕಣೇ! ಇವ್ಳೂ ನನ್ನಂಗೇ ಸೋಮಾರಿ! ಇಲ್ಲೇ ಕೂತು ನೆಲ ಕೆರೆದು ತುಂಬ್ಕೊಂಡಿದಾಳೆ! ಅತ್ತೆ ಮುಂದೆ ಹೋಗಿ ಏನು ಹೇಳಿದ್ಳೋ!"

"ಕಾಲು ಬಿದ್ದೋಯ್ತು ಅಂದಿರ್ತಾಳೆ," ಅಂದೆ ನಾನು.

ಅಷ್ಟೆ. ಅರೀಜ್ ಗುಂಡಿಯಲ್ಲೇ ಉರುಳಿದಳು. ಗೋಡೆ ಮೇಲಿನವರು, ಕೆಲಸದವರು, ಇಲಾಖೆಯ ಸಾಹೇಬರು, ಎಲ್ಲರೂ ನಕ್ಕರು. ಅತ್ತೆಯ ಹಳೇ ಸುಳ್ಳು ಅಂದು ಊರಿಗೆಲ್ಲ ಬಯಲಾಯಿತು, ಅವರಿಗೆ ಅದರ ಪರಿವೆಯೇ ಇರಲಿಲ್ಲ. ನಗು ಆರಿದ ಮೇಲೆ ಒಲೆಯ ಅಂಚು ಸವರುತ್ತ ಕೇಳಿದರು, "ಇವಳ ಹೆಸರೇನಂತೆ?"

"ಗೊತ್ತಿಲ್ಲಮ್ಮ," ಅಂದಳು ಅರೀಜ್. "ಗೊತ್ತಾಗೋ ದಾರೀನೂ ಇಲ್ಲ."

ಹಿರಿಯರಿಬ್ಬರಿಗೆ ಆ ಹೆಸರಿನ ಗೊಡವೆ ಬೇಕಿರಲಿಲ್ಲ, ಬಿಷಪ್ಪನ ಹೆಸರು ಬೇಕಿತ್ತು. ಅರೀಜ್ ಒಲೆಯ ಸುತ್ತಲಿನ ನೆಲ ತೊಳೆದಳು. ಅಕ್ಷರಗಳಿದ್ದವು, ನಿಜ. ಆದರೆ ಸಾಲುಗಳ ನಡುವೆ ದೊಡ್ಡದೊಂದು ಬೋಳು. ಬಿಷಪ್ಪನ ಹೆಸರಿನ ಕಲ್ಲುಗಳನ್ನೇ ಕಿತ್ತು ಆ ಮಹಾತಾಯಿ ಒಲೆಗೆ ತುಂಬಿದ್ದಳು. ಅವಳ ನಂತರ ಬಂದವರು ಅಂಚಿನಿಂದ ಇನ್ನಷ್ಟು ಕಿತ್ತಿದ್ದರು. ಉಳಿದದ್ದು ಕೊನೆಯ ಸಾಲು. ಅರೀಜ್ ಬೆರಳಿಟ್ಟು ಓದಿದಳು: "...ಮತ್ತು ಯಾರ ಹೆಸರನ್ನು ದೇವರೇ ಬಲ್ಲನೋ ಅವರ ಕಾಣಿಕೆಯಿಂದ."

"ಹಂಗಂದ್ರೆ? ಬಿಷಪ್ಪ ಯಾರು?" ಅಬೂ ಲೋರೆನ್ಸ್ ಬಿಡಲಿಲ್ಲ.

"ಬಿಷಪ್ಪನ್ನ ನಾವೆಲ್ಲ ರೊಟ್ಟಿ ಸುಟ್ಕೊಂಡು ತಿಂದಾಯ್ತು," ಅಂದರು ಅತ್ತೆ. "ಎಣ್ಣೆ ಹಚ್ಕೊಂಡು."

"ಹೋಗ್ಲಿ, ಈ ಒಲೆಯವಳು? ರೂಮ್ ಇದ್ಳಾ, ಲಾತಿನ್ ಇದ್ಳಾ? ಇಲ್ಲಾ ಮುಸಲ್..." ಎಂದು ಅಬೂ ಯಾಕೂಬ್ ಶುರುಮಾಡಿದರು.

"ಹಸಿದಿದ್ಳು," ಅಂದರು ಅತ್ತೆ.

ಅಡಿಯ ಆ ಒಲೆಯನ್ನು ಎತ್ತಲಿಲ್ಲ. ಅದೂ ಈಗ ಇಗರ್ಜಿಯಷ್ಟೇ ಕಾಪಾಡಬೇಕಾದ ವಸ್ತುವಾಗಿ, ಅಲ್ಲೇ ಬೇಲಿಯೊಳಗೆ ಕೂತಿದೆ. ಅತ್ತೆಯ ಹೊಸ ಒಲೆ ಅರ್ಧಚಂದ್ರದ ಗೋಡೆಯ ಹೊರಮಗ್ಗುಲಿಗೆ, ದಾರಿಯ ಪಕ್ಕ ಎದ್ದಿತು. ಸ್ವಲ್ಪ ಸೊಟ್ಟ. ಮೇಲಿನ ಕೇರಿಯ ಕಡೆ ವಾಲಿದೆ ಎಂದು ಒಬ್ಬರು, ಕೆಳಗಿನ ಕೇರಿಯ ಕಡೆ ಎಂದು ಇನ್ನೊಬ್ಬರು.

ಆದರೆ ಮಣ್ಣು ಒಣಗುವಷ್ಟರಲ್ಲಿ ಬೇಸಿಗೆ ಕಳೆದಿತ್ತು, ಊರು ತೌಫೀಕನ ರೊಟ್ಟಿ ತಿನ್ನುವುದು ಕಲಿತಿತ್ತು. ಅವನ ವ್ಯಾನಿನ ಹಾರ್ನು ಕೇಳಿದರೆ ಕಿಟಕಿಗಳಿಂದ ಬುಟ್ಟಿ ಇಳಿಯುತ್ತಿದ್ದವು. ಒಲೆಗೆ ಮೊದಲು ಬೆಂಕಿ ಕೊಟ್ಟ ಬೆಳಿಗ್ಗೆ ಅತ್ತೆಯೂ ನಾನೂ ಹಿಟ್ಟು ನಾದಿಕೊಂಡು ಕೂತೆವು. ಹೆಂಗಸರು ಬರಲಿಲ್ಲ. ಅತ್ತೆ ದಾರಿಯ ತುದಿ ನೋಡುವುದು, ನಾನು ಅವರ ಮುಖ ನೋಡುವುದು. ಬೇರೆ ಏನೂ ಹೊಳೆಯದೆ ನಾನು ಹೊಗೆಯನ್ನು ಬೈದೆ. ಅವರು ಉತ್ತರ ಕೊಡಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು.

ಬಂದವರು ಹಿರಿಯರಿಬ್ಬರೇ. ತಾವು ಕಟ್ಟಿದ ಒಲೆಯ ಮೊದಲ ರೊಟ್ಟಿ ತಮಗೇ ಸಿಗಬೇಕೆಂದು ಇಬ್ಬರಿಗೂ ಆಸೆ. ಮೊದಲ ರೊಟ್ಟಿ ದಾರಿಹೋಕರಿಗೆ ಮಾತ್ರ ಎಂದು ಗೊತ್ತಿದ್ದರಿಂದ ಅಬೂ ಯಾಕೂಬ್ ಕೈ ಹಿಂದೆ ಕಟ್ಟಿಕೊಂಡು ಏನೂ ಅರಿಯದವರಂತೆ ಮೇಲಿನಿಂದ ಕೆಳಗೆ ಹಾದು ಹೋದರು. ಅಬೂ ಲೋರೆನ್ಸ್ ಕೆಳಗಿನಿಂದ ಮೇಲೆ. ರೊಟ್ಟಿ ಇನ್ನೂ ಬೆಂದಿರಲಿಲ್ಲ. ಇಬ್ಬರೂ ತಿರುಗಿ ಮತ್ತೆ ಹಾದರು. ಮತ್ತೆ ಹಾದರು.

ಅತ್ತೆ ರೊಟ್ಟಿ ಎಳೆದು ತೆಗೆದು ತಿರುಗಿಸಿದರು. ಹೊಸ ಕಲ್ಲು, ಅಂಚು ಇನ್ನೂ ಸವೆದಿಲ್ಲ, ಚೌಕ ಗುಳಿಗಳು ಹಿಂದೆಂದೂ ಇಲ್ಲದಷ್ಟು ಗರಿಗರಿ. ಅಷ್ಟರಲ್ಲಿ ಪೋಂ ಪೋಂ ಎಂದು ವ್ಯಾನು ಬಂತು. ಅತ್ತೆ ರೊಟ್ಟಿ ಹಿಡಿದುಕೊಂಡು ದಾರಿಗೆ ಅಡ್ಡ ನಿಂತರು. ತೌಫೀಕ್ ಬ್ರೇಕು ತುಳಿದು, ಬೈಗುಳಕ್ಕೆ ಸಿದ್ಧನಾಗಿಯೇ ಇಳಿದ.

"ನಿನ್ನ ಹೊಟ್ಟೆ ಮೇಲೆ ಹೊಡೆಯೋಕಲ್ಲಪ್ಪ, ತಗೋ. ಮೊದ್ಲು ಹಾದೋನು ನೀನೆ."

"ನಾವು ಹಾದಿರ್ಲಿಲ್ವಾ!" ಎಂದರು ಹಿರಿಯರಿಬ್ಬರೂ ಒಂದೇ ದನಿಯಲ್ಲಿ.

"ನೀವು ಎಲ್ಲಿಗೂ ಹೋಗ್ತಿರ್ಲಿಲ್ಲ," ಅಂದರು ಅತ್ತೆ.

ತೌಫೀಕ್ ಮಾದಬಾದ ಮುಸಲ್ಮಾನ, ಈ ಪದ್ಧತಿ ಅವನಿಗೂ ಗೊತ್ತು. ರೊಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕೇಳಿದ, "ಸಹೂಮ್ ಅವರ ಹೆಸರು ತಾನೆ, ತಾಯಿ?"

"ಸಹೂಮನಿಗೆ ಎರಡನೇದು ಕೊಡ್ತೀನಿ, ಅವ್ನು ಬೇಜಾರು ಮಾಡ್ಕೊಳಲ್ಲ. ಇದು ಒಬ್ಬ ಹೆಂಗಸಿನ ಪಾಲು. ಹೆಸರು ದೇವರಿಗೆ ಗೊತ್ತು."

ಅವನು ಏನೂ ಕೇಳಲಿಲ್ಲ. "ದೇವರು ಅವಳ ಮೇಲೆ ಕರುಣೆ ಇಡಲಿ," ಎಂದು ವ್ಯಾನಿಗೊರಗಿ ನಿಂತು ತಿಂದ. ಒಂದು ತುಂಡು ತಿಂದು ನಿಲ್ಲಿಸುತ್ತಾನೆ ಅಂದುಕೊಂಡೆವು. ನಿಲ್ಲಿಸಲಿಲ್ಲ. ಅವನ ಬೆನ್ನ ಹಿಂದೆ ಅವನದೇ ಮುನ್ನೂರು ರೊಟ್ಟಿ ಆರುತ್ತಿತ್ತು. ಸುಟ್ಟ ಗೋಧಿಯ ವಾಸನೆ ಬೀದಿಗಿಳಿದು ಎರಡೂ ಕೇರಿಗೆ ಹೋಯಿತು. ಆಗ ತಿರುವಿನಲ್ಲಿ ತಲೆಯ ಮೇಲೆ ಹಿಟ್ಟಿನ ತಟ್ಟೆ ಹೊತ್ತ ಒಬ್ಬಳು ಕಂಡಳು. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಅಬೂ ಯಾಕೂಬರ ಹೆಂಡತಿ, ಅಬೂ ಲೋರೆನ್ಸರ ಹೆಂಡತಿ, ಜೋರಾಗಿ ಏನೋ ಜಗಳವಾಡಿಕೊಂಡು, ಜೊತೆಯಾಗಿ. "ಒಲೆ ಕಾಯೋ ಮೊದ್ಲೇ ಬಂದು ಕೂತ್ಕೊಂಡು ನಾವೇನು ನೊಣ ಹೊಡೀಬೇಕಿತ್ತಾ?" ಎಂದು ಮುಂದಿನವಳು ಕೂಗಿದಳು. ಅತ್ತೆ ನನ್ನತ್ತ ತಿರುಗಿ, "ಏನೇ ಹೊಗೆ ಹೊಗೆ ಅಂತ ವಟವಟ ಅಂತಿದ್ಯಲ್ಲ, ಸರಿ ಕೂತ್ಕೋ, ಜಾಗ ಬಿಡು" ಎಂದು ಗದರಿದರು. ಆ ಗದರಿಕೆ ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ತೌಫೀಕ್ ಕೊನೆಯ ಚೂರು ನುಂಗಿ, ಬೆರಳು ನೆಕ್ಕಿ, ಮೆಲ್ಲಗೆ ಕೇಳಿದ: "ತಾಯಿ, ನಮ್ಮನೆಯವಳಿಗೂ ಒಂದು ಕೊಡ್ತೀರಾ?"

ಅತ್ತೆ ಅವನಿಗೆ ಹೆಂಗಸರ ಸಾಲಿನ ಕೊನೆ ತೋರಿಸಿದರು.